ರೈಮೊ ಕಂಗಾಸನ ತೊಗಟೆ ಸೀಸೆಗಳು

ಊರಿನ ಗುಟ್ಟೆಲ್ಲ ಒಬ್ಬನ ಮನೆಯ ಹಲಗೆಯ ಮೇಲೆ ಸಾಲಾಗಿ ಕೂತಿತ್ತು. ವಾರಕ್ಕೊಮ್ಮೆ ಧೂಳು ಒರೆಸಿ ಅದನ್ನು ಕಾಯುತ್ತಿದ್ದವನಿಗೇ ಆ ಗುಟ್ಟು ಓದಲು ಬರುತ್ತಿರಲಿಲ್ಲ. ಹೀಗೂ ಉಂಟೇ ಎನ್ನಬೇಡಿ. ಉಂಟು. ಆ ಸಾಲಿನಲ್ಲಿ ನನ್ನದೂ ಒಂದು ಸೀಸೆ ಇತ್ತು.

ಅವನ ಹೆಸರು ರೈಮೊ ಕಂಗಾಸ್. ಸುಪೀರಿಯರ್ ಸರೋವರದ ದಂಡೆಯ ನಮ್ಮ ಆಲ್ಡರ್ ಫಾಲ್ಸ್‌ನಲ್ಲಿ ಅರ್ಧ ಊರು ಫಿನ್ನರದು, ಇನ್ನರ್ಧ ತಾಮ್ರದ ಗಣಿಗೆಂದು ಕಾರ್ನ್‌ವಾಲ್‌ನಿಂದ ಬಂದವರದು. ರೈಮೊ ಫಿನ್ನರ ಪೈಕಿ. ಅವನ ಅಪ್ಪ ಗಣಿಯ ಧೂಳು ಕೆಮ್ಮಿ ಕೆಮ್ಮಿ ಹೋದ. ಮಗ ಹತ್ತೊಂಬತ್ತಕ್ಕೆ ಅದೇ ಗಣಿಗೆ ಇಳಿದ; ಮೂವತ್ತಾರಕ್ಕೆ ಗಣಿಯೇ ಬಾಗಿಲು ಹಾಕಿತು. ಜೊತೆಯವರು ಕೆಲಸ ಹುಡುಕಿಕೊಂಡು ದೊಡ್ಡ ಸೇತುವೆ ದಾಟಿ ತೆಂಕಣ ಮಿಷಿಗನ್ನಿಗೆ ಇಳಿದರು. ಇವನು ಮಾತ್ರ, "ಸೇತುವೆ ಕೆಳಗೆ ಬದುಕೋಕೆ ನಾನೇನು ಭೂತಾನಾ?" ಎಂದು ಉಳಿದುಬಿಟ್ಟ. ಅಜ್ಜಿಕತೆಯಲ್ಲಿ ಸೇತುವೆಯ ಕೆಳಗೆ ಭೂತ ಇರುತ್ತದಲ್ಲ, ಹಾಗೆ ಸೇತುವೆಯ ತೆಂಕಣದವರನ್ನೆಲ್ಲ ನಾವು ಸೇತುವೆ ಕೆಳಗಿನ ಭೂತಗಳೆಂದೇ ಕರೆಯುವುದು. ಅವರೂ ನಗುತ್ತಾರೆ, ನಾವೂ ನಗುತ್ತೇವೆ. ಆದರೆ ನಾವು ತಮಾಷೆಗೆ ಹೇಳುವುದಿಲ್ಲ.

ಉಳಿದವನು ಉಣ್ಣಬೇಕಲ್ಲ? ರೈಮೊನ ಬೆರಳಿಗೆ ಚಿತ್ರ ಬರುತ್ತಿತ್ತು. ಒಂದು ಏರ್‌ಬ್ರಶ್ ಕೊಂಡ. ಪೆನ್ನಿನಷ್ಟೇ ಉದ್ದ, ಹಿಂದೆ ಗಾಳಿಯ ಕೊಳವೆ, ಮೇಲೆ ಹೆಬ್ಬೆರಳ ಗಾತ್ರದ ಬಟ್ಟಲು; ಬೆರಳು ಒತ್ತಿದರೆ ಬಣ್ಣ ಮಂಜಿನಂತೆ ಹೊರಡುತ್ತದೆ. ಹಿಮಗಾಡಿಗಳ ಮೂತಿಗಳ ಮೇಲೆ ಜ್ವಾಲೆ, ಗಿಡುಗ, ತೋಳ ಬರೆದುಕೊಟ್ಟ. ಅವನ ಹೆಂಡತಿ ಐಲಾ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು; ನಾಲಿಗೆಗೆ ಮೆಣಸು ಹಚ್ಚಿಕೊಂಡೇ ಹುಟ್ಟಿದವಳು.

"ನಿನ್ನ ತೋಳ ನಮ್ಮ ಪಾದ್ರಿ ಥರಾನೇ ಇದೆ ಕಣೋ. ಹಸಿದಿದೆ, ಆದ್ರೆ ಕೇಳೋಕೆ ನಾಚಿಕೆ," ಎನ್ನುತ್ತಿದ್ದಳು.

ನಮ್ಮ ಸರೋವರದ ಗಾಳಿ ಕಬ್ಬಿಣವನ್ನು ತಿನ್ನುವ ಗಾಳಿ. ರಾತ್ರಿ ಒರೆಸಿಟ್ಟ ಕೋವಿಯ ಮೇಲೆ ವಾರದಲ್ಲಿ ತುಕ್ಕು ಬರುತ್ತದೆ. ಒಬ್ಬ ಮರ ಕಡಿಯುವವನು ಅಂಥದೊಂದು ಕೋವಿ ತಂದು, "ತೋಳಕ್ಕೆ ಬಳಿಯೋನು ಇದಕ್ಕೂ ಬಳಿ," ಎಂದ. ಗಾಡಿಯ ಬಣ್ಣ ಕೋವಿಯ ಮೇಲೆ ಒಂದು ಬೇಟೆಯನ್ನೂ ತಾಳಲಿಲ್ಲ, ಸಿಪ್ಪೆಯಂತೆ ಎದ್ದಿತು. ರೈಮೊಗೆ ಅವಮಾನವಾಯಿತು. ವಿಸ್ಕಾನ್ಸಿನ್‌ಗೆ ಹೋಗಿ, ಕುಲುಮೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ಪಿಂಗಾಣಿ ಲೇಪದ ವಿದ್ಯೆ ಕಲಿತು ಬಂದ. ಸರ್ಕಾರದ ಪರವಾನಗಿ ತರಿಸಿ ಗೋಡೆಗೆ ಮೊಳೆ ಹೊಡೆದ. ಹಿತ್ತಲಿನ ಅಜ್ಜನ ಕಾಲದ ಸೌನಾ, ಅಂದರೆ ಹಬೆಸ್ನಾನದ ಮನೆಯೇ ಅವನ ಕಾರ್ಖಾನೆ; ಮುಚ್ಚಿದ ಗಣಿಯ ಬಟ್ಟೆ ಬದಲಿಸುವ ಕೋಣೆಯಿಂದ ತಂದ ಕಬ್ಬಿಣದ ಕಪಾಟೇ ಅವನ ಕುಲುಮೆ.

ಅವನ ಕೆಲಸ ನೋಡುವುದೇ ಒಂದು ಸುಖವಾಗಿತ್ತು. ಮೊದಲು ಗಾಜಿನ ಕಿಂಡಿಯ ಪೆಟ್ಟಿಗೆಯೊಳಗೆ ಕೋವಿಯ ಲೋಹವನ್ನಿಟ್ಟು, ರಬ್ಬರ್ ತೋಳುಗಳೊಳಗೆ ಕೈ ತೂರಿಸಿ, ಕಾಲಿನಿಂದ ಪೆಡಲ್ ಒತ್ತಿ, ನುಣ್ಣನೆಯ ಮರಳು ಹೊಡೆದು ಹಳೆಯ ಬಣ್ಣ ಕೀಳುತ್ತಿದ್ದ. ಆಮೇಲೆ ಕುಲುಮೆ. ಲೋಹ ಕಾದರೆ ಒಳಗಿನ ಎಣ್ಣೆ ಬೆವರಿನಂತೆ ಹೊರಗೆ ಬರುತ್ತದೆ. ಒರೆಸು, ತೊಳೆ, ಮತ್ತೆ ಕಾಯಿಸು. ಐವತ್ತು ವರ್ಷ ಎಣ್ಣೆ ಕುಡಿದ ಕೋವಿ ನಾಲ್ಕು ಸಲ ಬೆವರುತ್ತದೆ. "ಪಾಪ ಹೇಳ್ಕೊಳ್ಳೋಕೆ ಬಿಡ್ಬೇಕು. ಅವಸರ ಮಾಡಿದ್ರೆ ಬಣ್ಣದ ಕೆಳಗೆ ಬಚ್ಚಿಟ್ಕೊಳ್ತದೆ," ಎನ್ನುತ್ತಿದ್ದ. ಒಮ್ಮೆ ಬೆವರಿ ಶುದ್ಧವಾದ ಮೇಲೆ ಬರಿಗೈ ತಾಗಿಸುವಂತಿಲ್ಲ. ಒಂದು ಬೆರಳು ತಾಗಿದರೆ, ವರ್ಷದ ಮೇಲೆ ಬಣ್ಣ ಆ ಬೆರಳಿನ ಆಕಾರದಲ್ಲೇ ಏಳುತ್ತದೆ. ಆ ಮನೆಯೊಳಗೆ ಎಣ್ಣೆಯ ಡಬ್ಬಿ ತರಲು ಕೂಡ ಬಿಡುತ್ತಿರಲಿಲ್ಲ. ನಂಬರು ಕೆತ್ತಿದ ಜಾಗವನ್ನು ಜೋಪಾನ ಮಾಡಿ, ನಳಿಗೆಯ ಬಾಯಿಗೆ ಬಿರಡೆ ಹಾಕಿ, ಉಸಿರು ಹಿಡಿದು ಬಳಿಯುತ್ತಿದ್ದ. ಕಾಗದಕ್ಕಿಂತ ತೆಳುವಾದ ಪದರದ ಮೇಲೆ ಇನ್ನೊಂದು ಪದರ.

ಈಗ ಸೀಸೆಗಳ ವಿಷಯ. ಅದನ್ನು ಶುರು ಮಾಡಿಸಿದ್ದು ಲೆಂಪಿ ಮುಮ್ಮು. ನಮ್ಮಲ್ಲಿ ಅಜ್ಜಿಗೆ ಮುಮ್ಮು ಅನ್ನುತ್ತೇವೆ. ಲೆಂಪಿಗೆ ಆಗಲೇ ಎಪ್ಪತ್ತು ದಾಟಿತ್ತು, ಇಡೀ ಊರಿಗೇ ಮುಮ್ಮು. ಗಂಡ ಸತ್ತ ಮೇಲೂ ಪ್ರತಿ ನವೆಂಬರಿನಲ್ಲಿ ಒಂಟಿಯಾಗಿ ಕಾಡಿಗೆ ಹೋಗಿ ಒಂದೇ ಒಂದು ಜಿಂಕೆ ಹೊಡೆದು ಚಳಿಗಾಲ ಕಳೆಯುವವಳು. ಅವಳು ಕೋವಿಯನ್ನು ಮೇಜಿನ ಮೇಲಿಟ್ಟು, ಕೋಟಿನ ಜೇಬಿನಿಂದ ಒಂದು ಹಿಡಿ ತೊಗಟೆ, ಕಲ್ಲುಹೂವು, ಒಣಗಿದ ಜರಿಗಿಡ ತೆಗೆದು ಸುರಿದಳು.

"ಇದು ನನ್ನ ಜಾಗ. ಕೋವಿ ಹಿಂಗೇ ಕಾಣ್ಬೇಕು."

"ಮುಮ್ಮು, ಮೈಮೇಲೆ ಕಾಯ್ದೆ ಪ್ರಕಾರ ಕಿತ್ತಳೆ ಕೋಟು ಹಾಕ್ಕೊಂಡು ಕೂರ್ತೀಯ. ಬೆಂಕಿ ಬಿದ್ದ ಪೊದೆ ಥರ ಕಾಣ್ತೀಯ. ಕೋವಿಗೆ ಯಾಕೆ ತೊಗಟೆ?" ಎಂದು ಐಲಾ ಬಾಗಿಲಿನಿಂದ ಕೆಣಕಿದಳು.

"ಜಿಂಕೆಗೆ ಕಿತ್ತಳೆ ಕಾಣಲ್ಲ, ಹೊಳಪು ಕಾಣ್ತದೆ. ನಿನ್ನ ಗಂಡಂಗೆ ಎರಡೂ ಕಾಣಲ್ಲ, ಇಲ್ದಿದ್ರೆ ನಿನ್ನನ್ನ ಕಟ್ಕೋತಿದ್ನಾ? ನೀ ಸುಮ್ನೆ ಕಾಫಿ ಮಾಡು."

ರೈಮೊ ಆ ತೊಗಟೆಯನ್ನು ಬೆಳಕಿಗೆ ಹಿಡಿದು ಹನಿ ಹನಿಯಾಗಿ ಬಣ್ಣ ಬೆರೆಸಿದ. ಜರಿಗಿಡವನ್ನೇ ನಳಿಗೆಗೆ ಒತ್ತಿ ಹಿಡಿದು ಸುತ್ತ ಮಂಜು ಹಾಯಿಸಿದ. ಗಿಡ ತೆಗೆದಾಗ ಅದರ ನೆರಳು ಅಲ್ಲಿ ಉಳಿದಿತ್ತು. ಹರಿದ ಸ್ಪಂಜಿನಿಂದ ಕಲ್ಲುಹೂವು ಅಚ್ಚೊತ್ತಿದ. ಮುಮ್ಮು ಮುಗಿದ ಕೋವಿಯನ್ನು ಕಾಡಿಗೆ ಒಯ್ದು ತನ್ನ ಮೋಟುಮರಕ್ಕೆ ಒರಗಿಸಿ, ಹಿಂದಿರುಗಿ ನೋಡಿದರೆ ಕೋವಿ ಇಲ್ಲ! ಹತ್ತು ನಿಮಿಷ ಹುಡುಕಿದಳಂತೆ. ಅವಳೇ ಹೇಳಿದ್ದು.

ಆಮೇಲೆ ಯಾರೂ ಕಪ್ಪು ಬಳಿ ಎನ್ನಲಿಲ್ಲ. ಎಲ್ಲರೂ ತಂತಮ್ಮ ಜಾಗದ ಒಂದು ಹಿಡಿಯನ್ನು ತಂದರು. ತಂದದ್ದು ಹೇಗೆ? ಕಂದು ಕಾಗದದ ಚೀಲದಲ್ಲಿ, ಕೋಟಿನೊಳಗೆ, ಗುಪ್ತರೋಗದ ವೈದ್ಯನ ಹತ್ತಿರ ಹೋಗುವವರ ಹಾಗೆ ಅತ್ತ ಇತ್ತ ನೋಡುತ್ತ. ಏಕೆಂದರೆ ನಮ್ಮ ಕಾಡಿಗೆ ಬೇಲಿಯಿಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು. ಆದರೆ ಅಪ್ಪನಿಂದ ಮಗನಿಗೆ ಬಂದ ಮರಸು ಪ್ರತಿ ಮನೆಗೂ ಒಂದಿರುತ್ತದೆ. ಜಿಂಕೆಗಾಗಿ ಅಲ್ಲಾಡದೆ ಕಾದು ಕೂರುವ ಜಾಗ ಅದು. ಕಾಗದವಿಲ್ಲ, ಪತ್ರವಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಅದರ ಪತ್ರ. ಎಲ್ಲಿ ಕೂರುತ್ತೀಯೆಂದು ಕೇಳುವುದು ಅಸಹ್ಯ; ಕೇಳಿದರೆ ಸಿಗುವ ಉತ್ತರ, "ಒಂದು ಮರದ ಪಕ್ಕ."

ಬಣ್ಣ ಗೀರಿಹೋದರೆ ಮತ್ತೆ ಹೊಂದಿಸಲು ಬೇಕೆಂದು ರೈಮೊ ಆ ಹಿಡಿಗಳನ್ನು ಸೀಸೆಗಳಲ್ಲಿಟ್ಟ. ಐಲಾ ಬೀಟ್‌ರೂಟ್ ಉಪ್ಪಿನಕಾಯಿ ಹಾಕುವ ಸೀಸೆಗಳು. ಒಂದೊಂದೇ ಮಾಯವಾದಾಗ ಅವಳು ಕೂಗಾಡಿದಳು, "ಊರ ಕಸಕ್ಕೆಲ್ಲ ನನ್ನ ಸೀಸೆ! ಬೀಟ್‌ರೂಟ್ ನಿನ್ನ ತಲೆ ಮೇಲೆ ಹಾಕ್ಲಾ?" ಚೀಟಿಯ ಮೇಲೆ ಹೆಸರು, ಕೆಳಗೆ ಲೆಕ್ಕ: ಬೂದು ಐದು ಹನಿ, ಹಸಿರು ಎರಡು, ಕಂದು ಆರು. ಹತ್ತು ಹನ್ನೆರಡು ವರ್ಷದಲ್ಲಿ ಸೌನಾದ ಮೇಲಿನ ಹಲಗೆ ತುಂಬಿತು, ಮೂವತ್ತು ಸೀಸೆ. ರೈಮೊಗೆ ಅವುಗಳಲ್ಲಿ ಕಾಣುತ್ತಿದ್ದದ್ದು ಬಣ್ಣ ಮಾತ್ರ. ಕಾಡಿನ ದಾರಿ ಅವನಿಗೆ ಅಷ್ಟಕ್ಕಷ್ಟೆ. ತನ್ನ ಮರಸಿನಿಂದ ಮನೆಗೆ ಬರುವಾಗಲೇ ಎರಡು ಸಲ ತಪ್ಪಿಸಿಕೊಂಡವನು.

ಕಾಡು ಗೊತ್ತಿದ್ದವನು ಬೇರೆ. ಡೆನ್ನಿ ಟ್ರೆವಾರ್ಟನ್, ಕಾರ್ನಿಷರ ಪೈಕಿ, ರೈಮೊನ ಬಾಲ್ಯದ ಗೆಳೆಯ. ಮೂವತ್ತೆಂಟು ವರ್ಷ ಇಬ್ಬರೂ ಒಂದೇ ಬೇಟೆ ಗುಡಿಸಲಿನಲ್ಲಿ ಮೇಲೊಬ್ಬ ಕೆಳಗೊಬ್ಬ ಮಲಗಿದವರು. ಡೆನ್ನಿ ಮೂವತ್ತು ವರ್ಷ ದಿಮ್ಮಿ ಲಾರಿ ಓಡಿಸಿದವನು. ಯಾವ ದಿಣ್ಣೆಯಲ್ಲಿ ಯಾವ ಮರ, ಯಾವ ತೊರೆಯಲ್ಲಿ ಯಾವ ಮಣ್ಣು ಎಲ್ಲ ಅವನ ಟೈರಿಗೇ ಗೊತ್ತಿತ್ತು. ಒಳ್ಳೆಯ ಕಂಠ, ಗುಡಿಸಲಲ್ಲಿ ಪಾತ್ರೆ ತೊಳೆಯುತ್ತ ಭಜನೆ ಹೇಳುತ್ತಿದ್ದ. ಮಂಡಿ ಹೋಯಿತು, ಲಾರಿ ಹೋಯಿತು. ಆಮೇಲೆ ಚಳಿಗಾಲವೆಲ್ಲ ರೈಮೊನ ಕುಲುಮೆಯ ಪಕ್ಕ ಕಾಲು ಚಾಚಿ ಕೂರುವುದೇ ಅವನ ಕೆಲಸವಾಯಿತು. ಊರಿಗೆ ಟಪಾಲು ಹಂಚುವವನು ನಾನು. ಅವರ ಮನೆ ನನ್ನ ದಾರಿಯ ಕೊನೆ, ಹಾಗಾಗಿ ನನಗೂ ಒಂದು ಲೋಟ ಕಾಫಿ ಕಾದಿರುತ್ತಿತ್ತು.

ಐಲಾ ಪ್ಯಾಸ್ಟಿ ತಂದಿಟ್ಟರೆ ಡೆನ್ನಿ ತನ್ನ ಜನರ ಆ ಮಾಂಸದ ಕಡುಬನ್ನು ಮುರಿದು ಒಳಗೆ ಇಣುಕುತ್ತಿದ್ದ. "ಕ್ಯಾರೆಟ್! ಅಯ್ಯೋ ದೇವರೇ! ನಮ್ಮಿಂದ ಪ್ಯಾಸ್ಟಿ ಕದ್ರಿ, ಹೋಗ್ಲಿ ಅಂದ್ವಿ. ಕದ್ದ ಮೇಲೆ ಕ್ಯಾರೆಟ್ ಯಾಕೆ ಹಾಕಿದ್ರಿ?"

"ಕದ್ದ ಮಾಲು ಗುರುತು ಸಿಗದಿರ್ಲಿ ಅಂತ," ಎನ್ನುತ್ತಿದ್ದ ರೈಮೊ.

ಆ ಆಟ ಶುರುವಾದದ್ದು ಹಾಗೊಂದು ಫೆಬ್ರವರಿಯಲ್ಲಿ, ಹಿಮ ಕಿಟಕಿಯ ಅರ್ಧಕ್ಕೆ ಬಂದಿದ್ದ ದಿನ. ಡೆನ್ನಿ ಬೇಸರಕ್ಕೆ ಒಂದು ಸೀಸೆ ಎತ್ತಿಕೊಂಡ. ರೈಮೊ ಥಟ್ಟನೆ ಬಂದು ಚೀಟಿಯ ಮೇಲೆ ಹೆಬ್ಬೆರಳಿಟ್ಟು ಹೆಸರು ಮುಚ್ಚಿದ.

"ಹೆಸರು ನೋಡೋ ಹಂಗಿಲ್ಲ."

"ಹೆಸರು ಯಾವನಿಗೆ ಬೇಕೋ!" ಡೆನ್ನಿ ಮುಚ್ಚಳ ತೆಗೆದು ಮೂಸಿದ. ತೊಗಟೆಯನ್ನು ಉಗುರಲ್ಲಿ ಕೆರೆದ. "ಹೆಮ್ಲಾಕ್ ಮರ. ನೂರು ವರ್ಷ ದಾಟಿದ್ದು. ಕಲ್ಲುಹೂವು ಹಳದಿ, ಅಂದ್ರೆ ಸರೋವರದ ಗಾಳಿ ನೇರ ಬೀಳ್ತದೆ. ಬುಡಕ್ಕೆ ಕೆಮ್ಮಣ್ಣು. ಇದು ಹಳೆ ರೈಲು ದಾರಿ, ಎರಡನೇ ಮುರುಕು ಸೇತುವೆ, ಅದರ ಮೇಲಿನ ದಿಣ್ಣೆ. ಸರೀನಾ?"

"ನಂಗೇನು ಗೊತ್ತೋ ಮಾರಾಯ! ನಂಗೆ ಗೊತ್ತಿರೋದು ಬೂದು ನಾಲ್ಕು, ಹಳದಿ ಒಂದು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅದು ನನ್ನ ಸೀಸೆ, ಜಾಗವೂ ಅದೇ. ನಾನೂ ನಕ್ಕೆ. ನಗದಿದ್ದರೆ ಗೊತ್ತಾಗಿಬಿಡುತ್ತಿತ್ತಲ್ಲ.

ಆ ಚಳಿಗಾಲವೆಲ್ಲ ಅದೇ ಆಟ ನಡೆಯಿತು, ಮುಂದಿನ ಚಳಿಗಾಲವೂ. ಪ್ರತಿಸಲವೂ ರೈಮೊನ ಹೆಬ್ಬೆರಳು ಚೀಟಿಯ ಮೇಲಿರುತ್ತಿತ್ತು. ಗುಟ್ಟೆಂದರೆ ಹೆಸರು, ಹೆಸರನ್ನು ಕಾದರೆ ಎಲ್ಲ ಕಾದಂತೆ ಎಂದುಕೊಂಡಿದ್ದ ಆ ಪುಣ್ಯಾತ್ಮ. ಹೆಸರನ್ನು ಕಟ್ಟಿಕೊಂಡು ಯಾರಿಗೇನಾಗಬೇಕಿತ್ತು?

ಎರಡನೆಯ ವರ್ಷದ ಅಕ್ಟೋಬರಿನಲ್ಲಿ ಡೆನ್ನಿ ತನ್ನ ಅಪ್ಪನ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಂದ.

"ಈ ವರ್ಷ ನಾ ಗುಡಿಸ್ಲಿಗೆ ಬರಲ್ಲ ಕಣೋ. ಮಂಡಿ ಮಾತೇ ಕೇಳ್ತಿಲ್ಲ. ಅಪ್ಪನ ಕೋವಿ ನಿನ್ನ ಹತ್ರ ಇರ್ಲಿ. ನಿಧಾನಕ್ಕೆ ಚಂದ ಮಾಡು."

"ಮೂವತ್ತೆಂಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಸಿಲ್ಲ. ಹೊತ್ಕೊಂಡು ಹೋಗ್ಲಾ ನಿನ್ನ?" ಎಂದ ರೈಮೊ.

"ಹೊತ್ಕೊಂಡು ಎಲ್ಲಿಗೋ? ದಾರಿ ತಪ್ಪಿಸಿ ಕೆನಡಾಕ್ಕೆ ಒಯ್ತೀಯ."

ರೈಮೊ ನಕ್ಕ, ಆದರೆ ಮನಸ್ಸು ಮುದುಡಿತು. ಆ ಕೋವಿಗೆ ಸುರಿದಷ್ಟು ಜೀವವನ್ನು ಅವನು ಬೇರಾವುದಕ್ಕೂ ಸುರಿದಿರಲಿಲ್ಲ. ಅದು ಐದು ಸಲ ಬೆವರಿತು. ಗುಡಿಸಲಿನ ಬಾಗಿಲಲ್ಲಿರುವ, ಇಬ್ಬರೂ ಹೆಸರು ಕೆತ್ತಿದ ಬರ್ಚ್ ಮರದ ತೊಗಟೆ ತಂದು ಮೂವತ್ತೊಂದನೆಯ ಸೀಸೆಗೆ ಹಾಕಿ ಬಣ್ಣ ಕೂಡಿಸಿದ. ಬಿಳಿ, ಬಿಳಿಯೊಳಗೆ ಕೆನೆ, ಕೆನೆಯೊಳಗೆ ಕಪ್ಪು ಗೀಟು. ಬೆಂದು ಹೊರಬಂದಾಗ ಐಲಾ ಕೂಡ ಬಾಯಿ ಮುಚ್ಚಿಕೊಂಡು ನೋಡಿದಳು. ಅವಳಿಂದ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ನವೆಂಬರ್ ಹದಿನೈದು, ಜಿಂಕೆ ಬೇಟೆ ಶುರುವಾಗುವ ದಿನ, ನಮಗೆ ಹಬ್ಬ. ಶಾಲೆಗೆ ರಜೆ, ಗಾರೆಯವನು ಗಾರೆ ಬಿಡುತ್ತಾನೆ, ಕ್ಷೌರಿಕ ಅರ್ಧ ತಲೆ ಬಿಟ್ಟು ಹೋಗುತ್ತಾನೆ. ಆ ಮುಂಜಾನೆ ನಾನು ನನ್ನ ದಿಣ್ಣೆ ಹತ್ತಿದಾಗ ನನ್ನ ಹೆಮ್ಲಾಕಿನ ಬುಡದಲ್ಲಿ ಒಂದು ಗುಡಾರ ನಿಂತಿತ್ತು. ಒಳಗೆ ಹೀಟರಿನ ನೀಲಿ ಬೆಳಕು. ಸೇತುವೆ ಕೆಳಗಿನವನೊಬ್ಬ ಕುರ್ಚಿ ಹಾಕಿ ಕೂತಿದ್ದ. ಹಲೋ ಎಂದ. ನಾನೂ ಹಲೋ ಎಂದು ಇಳಿದು ಬಂದೆ. ಮತ್ತೇನು ಮಾಡಲಿ? ಕಾಡು ಎಲ್ಲರದು.

ಆ ಸಂಜೆ ಚರ್ಚಿನ ನೆಲಮನೆಯಲ್ಲಿ ಬೇಟೆಗಾರರ ಊಟ. ಆಲೂಗಡ್ಡೆಯ ಹಬೆ, ಒದ್ದೆ ಉಣ್ಣೆಯ ವಾಸನೆ. ಮಾತಿಗೆ ಮಾತು ಸೇರಿ ಲೆಕ್ಕ ಸಿಕ್ಕಿತು: ಒಂಬತ್ತು ಮನೆಯವರ ಮರಸಿನಲ್ಲಿ ಒಂಬತ್ತು ಗುಡಾರ. ಎಂಬತ್ತಮೂರರ ಲೆಂಪಿ ಮುಮ್ಮು ತಟ್ಟೆ ಮುಟ್ಟದೆ ಕೂತಿದ್ದಳು.

"ನಾ ಸುಮ್ನೆ ಬರ್ಲಿಲ್ಲ. ಕೇಳ್ದೆ, ಮಗಾ, ಈ ಜಾಗ ಯಾರು ತೋರ್ಸಿದ್ರು ಅಂತ. ಪಾಪ, ಒಳ್ಳೆ ಹುಡುಗ, ಬಿಸಿ ಚಾಕೊಲೇಟ್ ಕೊಡೋಕೆ ಬಂದ. ನಮ್ಮ ಗೈಡ್, ಮಂಡಿ ಎಳ್ಕೊಂಡು ನಡೀತಾರೆ, ದಾರಿಯುದ್ದ ಭಜನೆ ಹೇಳ್ತಾರೆ ಅಂದ."

ಮಂಡಿ ಎಳೆಯುವ ಭಜನೆಗಾರ ನಮ್ಮೂರಿಗೆ ಒಬ್ಬನೇ.

"ಡೆನ್ನಿಗೆ ಹೆಂಗೆ ಗೊತ್ತಾಯ್ತು?" ಯಾರೋ ಕೇಳಿದರು.

ಎಲ್ಲರ ಕಣ್ಣು ಒಟ್ಟಿಗೇ ರೈಮೊನ ಕಡೆ ತಿರುಗಿತು. ಅವನು ಪ್ಯಾಸ್ಟಿಯನ್ನು ಬಾಯಿಯವರೆಗೆ ಎತ್ತಿದವನು ಹಾಗೇ ಇದ್ದ. ಒಂಬತ್ತೂ ಜನರ ಸೀಸೆಗಳು ಅವನ ಹಲಗೆಯ ಮೇಲಿವೆ. ಆ ಅರಿವು ಅವನ ಮುಖದ ಮೇಲೆ ಮೆಲ್ಲಗೆ ಬಂದು ಕೂರುವುದನ್ನು ನಾನು ಎದುರಿನಿಂದ ಕಂಡೆ.

"ನಿನ್ನ ಜಾಗದಲ್ಲಿ ಯಾರಿದ್ರೋ, ರೈಮೊ?" ಮುಮ್ಮು ಕೇಳಿದಳು.

"ಯಾರೂ ಇರ್ಲಿಲ್ಲ, ಮುಮ್ಮು."

"ಹೌದಾ," ಎಂದಳು. ಅಷ್ಟೇ. ಆ ಹೌದಾ ಎಂಬ ಮಾತು ಕೊಡಲಿಯಂತೆ ಬಿತ್ತು.

ನಾನು ಆಗ ಎದ್ದು ಹೇಳಬಹುದಿತ್ತು. ಅದು ಆಟವಾಗಿತ್ತು, ಅವನು ಪ್ರತಿಸಲ ಹೆಸರು ಮುಚ್ಚುತ್ತಿದ್ದ, ನಾನೂ ಅಲ್ಲಿ ಕಾಫಿ ಕುಡಿಯುತ್ತ ನಗುತ್ತಿದ್ದೆ ಎಂದು. ಹೇಳಿದರೆ ನಕ್ಕವನೂ ಸಿಕ್ಕಿಬೀಳುತ್ತಾನೆ. ನಾನು ಆಲೂಗಡ್ಡೆಗೆ ಉಪ್ಪು ಹಾಕಿಕೊಂಡೆ.

ಮರುದಿನದಿಂದ ಜನ ಅವನ ಹಿತ್ತಲಿಗೆ ಬಂದರು. ಬೈಯಲಿಲ್ಲ; ನಮ್ಮವರು ಬೈಯುವುದಿಲ್ಲ, ಅದೇ ಕಷ್ಟ. ಬೂಟಿನ ಹಿಮ ಕೊಡವಿ, "ನಂದು ಕೊಡ್ತೀಯಾ?" ಎಂದು ಸೀಸೆ ಕೇಳುತ್ತಿದ್ದರು. ಒಬ್ಬ ಒಳಗಿದ್ದುದನ್ನು ಅಂಗಳದ ಹಿಮದ ಮೇಲೆ ಸುರಿದು, ಖಾಲಿ ಸೀಸೆಯನ್ನು ಮೆಟ್ಟಿಲ ಮೇಲಿಟ್ಟು ಹೋದ. ಆಮೇಲೆ ಬಂದವರೆಲ್ಲ ಹಾಗೆಯೇ ಮಾಡಿದರು. ಐಲಾ ಕೆಲವರನ್ನು ತಡೆದು, "ನನ್ನ ಗಂಡ ಮಾರಿದ ಅಂತ ಹೇಳು ನೋಡೋಣ, ಬಾಯ್ಬಿಟ್ಟು ಹೇಳು!" ಎಂದು ಕಿರುಚಿದಳು. ಯಾರೂ ಹೇಳಲಿಲ್ಲ. ರೈಮೊ ಕೂಡ ಡೆನ್ನಿಯ ಹೆಸರು ಎತ್ತಲಿಲ್ಲ. ಕೇಳಿದವರಿಗೆಲ್ಲ ಒಂದೇ ಮಾತು: "ಸೀಸೆ ಕೈಗೆ ಕೊಟ್ಟೋನು ನಾನು."

ನಾನು ಮೂರನೆಯ ದಿನ ಹೋದೆ. ಟಪಾಲು ಕೊಟ್ಟೆ. ಅವನು ಟಪಾಲು ತೆಗೆದುಕೊಂಡು, ನಾನು ಬಾಯಿ ತೆರೆಯುವ ಮೊದಲೇ ನನ್ನ ಸೀಸೆಯನ್ನು ಮುಂದಿಟ್ಟ. ನಾನು ಬೇಡವೆನ್ನಲಿಲ್ಲ. ಕಾಫಿ ಕುಡಿಯಲೂ ಇಲ್ಲ.

ಡೆನ್ನಿ ಬಂದದ್ದು ಬೇಟೆಯ ಕಾಲ ಮುಗಿದ ಮೇಲೆ, ಡಿಸೆಂಬರಿನ ಒಂದು ಮಧ್ಯಾಹ್ನ. ನಾನೂ ಅದೇ ಹೊತ್ತಿಗೆ ಟಪಾಲು ಹಿಡಿದು ಬಾಗಿಲಲ್ಲಿದ್ದೆ. ರೈಮೊ ಮರಳಿನ ಪೆಟ್ಟಿಗೆಯ ಮುಂದೆ, ಮೊಳಕೈವರೆಗೆ ರಬ್ಬರ್ ತೋಳಿನಲ್ಲಿ ಕೈ ತೂರಿಸಿ ನಿಂತಿದ್ದ. ಗಾಜಿನ ಕಿಂಡಿಯೊಳಗೆ ಧೂಳು ಕವಿದು ಏನೂ ಕಾಣುತ್ತಿರಲಿಲ್ಲ.

"ಏನೋ, ಮಾತೂ ಬೇಡವಾ?" ಎಂದ ಡೆನ್ನಿ.

ರೈಮೊ ಪೆಡಲ್ ಒತ್ತಿದ. ಭರ್ ಎಂದು ಗಾಳಿ ಎದ್ದಿತು. ಕಾಲು ತೆಗೆದ. ನಿಂತಿತು.

"ಪ್ಯಾಸ್ಟಿ ಕದ್ದಿದ್ದಕ್ಕೆ ಇಷ್ಟು ವರ್ಷದ ಬಡ್ಡಿ ವಸೂಲು ಮಾಡ್ದೆಯಾ?"

"ಕದಿಯೋದೇನು ಬಂತು? ಕಾಡು ನಿಂದಾ, ನಂದಾ? ನಾ ಯಾರ ಹೆಸರು ಕೇಳ್ದೆ ಹೇಳು? ಒಂದು ಹೆಸರು? ಮುಮ್ಮು ಜಾಗ ಅಂತ ನಂಗೆ ಗೊತ್ತೇ ಇರ್ಲಿಲ್ಲ, ನಮ್ಮಮ್ಮನ ಆಣೆ! ನೀನೇ ಹೆಸರು ಮುಚ್ಕೊಂಡು ಕೂತಿದ್ದೆ."

ಭರ್. ನಿಂತಿತು.

"ಯಾಕೋ, ಡೆನ್ನಿ?"

ಡೆನ್ನಿ ಸ್ಟೂಲಿನ ಮೇಲೆ ಕೂತ, ಚಾಚಿದ ಕಾಲನ್ನು ಸವರಿಕೊಂಡ. "ಲಾರಿ ಹೋದ್ಮೇಲೆ ನನ್ನನ್ನ ಯಾರೋ ಒಂದು ಮಾತು ಕೇಳಿದ್ದು? ನಿಂಗೆ ಕೋವಿ ತರ್ತಾರೆ, ಇವನಿಗೆ ಟಪಾಲು ಕೇಳ್ತಾರೆ. ನಂಗೆ? ಮಂಡಿ ಹೆಂಗಿದೆ ಅಂತಾರೆ, ಉತ್ತರಕ್ಕೆ ನಿಲ್ಲಲ್ಲ. ಆ ಸೇತುವೆ ಕೆಳಗಿನೋರು ಕೇಳಿದ್ರು ಕಣೋ. ಈ ಮರ ಯಾವ್ದು ಡೆನ್ನಿ, ಆ ಹೆಜ್ಜೆ ಯಾವ್ದು ಡೆನ್ನಿ ಅಂತ ಬಾಯ್ಬಿಟ್ಕೊಂಡು ಕೇಳಿದ್ರು. ನಾ ಹೇಳ್ದೆ." ಮತ್ತೆ ಮೆಲ್ಲಗೆ ಅಂದ, "ನಿನ್ನ ಜಾಗ ಮುಟ್ಲಿಲ್ಲ ನೋಡು. ಎಷ್ಟು ಜನ ಕೇಳಿದ್ರು. ಅದೊಂದು ಮಾತ್ರ ಯಾರಿಗೂ ತೋರ್ಸಲಿಲ್ಲ. ನಲವತ್ತು ವರ್ಷದ ಸ್ನೇಹ ಅಂದ್ರೆ ಅದು."

ರೈಮೊನ ಬೆನ್ನು ನೆಟ್ಟಗಾಯಿತು. "ಮುಟ್ಟಿದ್ರೆ ಚೆನ್ನಾಗಿತ್ತು," ಎಂದ. "ಹತ್ತನೆಯವ್ನು ನಾನಾಗಿದ್ರೆ, ಊರು ನನ್ನ ಜೊತೆ ಕೂತು ಅಳ್ತಿತ್ತು. ನಂದೊಂದೇ ಉಳಿಸ್ಬಿಟ್ಟು, ಇವನೂ ಪಾಲುದಾರ ಅಂತ ಹಣೆ ಮೇಲೆ ಬರೆದ್ಯಲ್ಲೋ."

ಡೆನ್ನಿಗೆ ಅದು ಆಗಷ್ಟೇ ಹೊಳೆದದ್ದೆಂದು ತೋರುತ್ತದೆ. ಸ್ಟೂಲಿನಿಂದ ಎದ್ದ.

ರೈಮೊ ಮತ್ತೆ ಪೆಡಲ್ ಒತ್ತಿದ. ಬಹಳ ಹೊತ್ತು ಒತ್ತಿದ. ಆಮೇಲೆ ಪೆಟ್ಟಿಗೆಯ ಬಾಗಿಲು ತೆಗೆದು ಒಳಗಿದ್ದುದನ್ನು ಹೊರಗೆ ತಂದ. ಡೆನ್ನಿಯ ಅಪ್ಪನ ಕೋವಿ. ಬರ್ಚಿನ ಬಿಳಿಯಿಲ್ಲ, ಕೆನೆಯಿಲ್ಲ, ಗೀಟಿಲ್ಲ. ಬೂದಿ ಬಣ್ಣದ ಬೆತ್ತಲೆ ಉಕ್ಕು. ಅದಕ್ಕೆ ಅದರ ಮರದ ಹಿಡಿ ಜೋಡಿಸಿ, ತಿರುಪು ಬಿಗಿದು, ಎರಡೂ ಕೈಯಲ್ಲಿ ಚಾಚಿದ.

"ಅಪ್ಪಂದು," ಎಂದ ಡೆನ್ನಿ. ತೊಗಲಿನ ಕೈಗವಸು ಕಳಚಿ ಬರಿಗೈಯಲ್ಲಿ ನಳಿಗೆಯನ್ನು ಹಿಡಿದುಕೊಂಡ.

"ಈ ಮನೇಲಿ ಎಣ್ಣೆ ಇಡಲ್ಲ, ನಿಂಗೆ ಗೊತ್ತು. ಮನೆಗೆ ಹೋದ್ಕೂಡ್ಲೆ ಹಚ್ಚು. ಬೇರೆ ಯಾರ ಹತ್ರಾನಾದ್ರೂ ಬಳಿಸ್ಕೋ. ಅಲ್ಲೀವರ್ಗೆ ಮುಟ್ಟಿದವನ ಬೆರಳು ಅದರ ಮೇಲೆ ಕಾಣ್ತದೆ."

ಡೆನ್ನಿ ಹೋದ. ಬೀಳುವ ಹಿಮದಲ್ಲಿ ಕೋವಿಗೆ ಏನೂ ಸುತ್ತದೆ ಹೋದ. ಬಾಗಿಲಲ್ಲಿ ನನ್ನನ್ನು ದಾಟುವಾಗ ಟಪಾಲು ಇದೆಯಾ ಎಂದು ಕೇಳಿದ. ಇರಲಿಲ್ಲ.

ರೈಮೊ ಆಗ ನನ್ನ ಕಡೆ ನೋಡಿದ. ನಾನಾದರೂ ಒಂದು ಮಾತು ಹೇಳಬಹುದೆಂದು ನೋಡಿದನೋ ಏನೋ. ನಾನು ವಿದ್ಯುತ್ ಬಿಲ್ಲು ಮೇಜಿನ ಮೇಲಿಟ್ಟೆ.

ಜನವರಿಯಲ್ಲಿ ಡೆನ್ನಿಯ ಮನೆಗೆ ಒಂದು ಪಾರ್ಸೆಲು ಒಯ್ದಾಗ ಆ ಕೋವಿ ಒಲೆಯ ಪಕ್ಕದ ಮೂಲೆಯಲ್ಲಿ ನಿಂತಿತ್ತು. ಎಣ್ಣೆ ಕಂಡಿರಲಿಲ್ಲ. ನಳಿಗೆಯ ನಡುವೆ ನಾಲ್ಕು ಬೆರಳು, ಒಂದು ಹೆಬ್ಬೆರಳು, ಕಿತ್ತಳೆ ಬಣ್ಣದ ತುಕ್ಕಿನಲ್ಲಿ ಅಚ್ಚಾಗಿದ್ದವು, ಗೆರೆ ಎಣಿಸುವಷ್ಟು ಸ್ಪಷ್ಟವಾಗಿ. ನನ್ನ ಕಣ್ಣು ಅತ್ತ ಹೋದದ್ದು ಕಂಡು ಅವನು, "ಇರ್ಲಿ ಬಿಡು," ಎಂದ.

ಜನ ರೈಮೊನನ್ನು ಬಿಟ್ಟರೇ? ಬಿಡಲಿಲ್ಲ. ಅಷ್ಟು ಚೆನ್ನಾಗಿ ಬಳಿಯುವವನು ನಮ್ಮ ಕಡೆ ಇನ್ನೊಬ್ಬನಿಲ್ಲ, ಸರೋವರದ ಗಾಳಿಗೆ ಮುನಿಸು ಗೊತ್ತಿಲ್ಲ. ಮುಂದಿನ ಬೇಸಗೆಗೆ ಒಬ್ಬೊಬ್ಬರಾಗಿ ಕೋವಿ ಹಿಡಿದು ಬಂದರು. ಕಾಗದದ ಚೀಲ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಅಕ್ಟೋಬರಿನಲ್ಲಿ ಲೆಂಪಿ ಮುಮ್ಮು ಬಂದಳು. ಅವಳು ಹೊಸ ಜಾಗ ಹುಡುಕಿಕೊಂಡಿದ್ದಾಳೆಂದು ಊರಿಗೆಲ್ಲ ಗೊತ್ತಿತ್ತು; ಎಲ್ಲಿ ಎಂದು ಗೊತ್ತಿರಲಿಲ್ಲ. ಎಂಬತ್ತನಾಲ್ಕರಲ್ಲಿ ಹೊಸ ಮರಸು! ಜರಿಗಿಡದ ನೆರಳಿದ್ದ ಆ ಕೋವಿಯನ್ನು ಮೇಜಿನ ಮೇಲಿಟ್ಟಳು. ರೈಮೊನ ಕೈ ತಾನಾಗಿಯೇ ಹಲಗೆಗೆ ಹೋಗಿ ಒಂದು ಖಾಲಿ ಸೀಸೆ ತಂದಿತು. ಮುಚ್ಚಳ ತಿರುಗಿಸಿ ಅವಳ ಮುಂದೆ ಹಿಡಿದ. ಮುಮ್ಮು ಸೀಸೆಯನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಕೈ ಕೋಟಿನ ಜೇಬಿನ ಹತ್ತಿರವೇ ಇತ್ತು. ಅದು ಜೇಬಿನೊಳಗೆ ಹೋದದ್ದನ್ನು ನಾನು ಕಂಡೆ. ಹೋದದ್ದು ಬರಿದಾಗಿಯೇ ಹೊರಗೆ ಬಂತು.

"ಅದ್ರಲ್ಲಿ ಬೀಟ್‌ರೂಟ್ ಹಾಕ್ಸು ಐಲಾಗೆ ಹೇಳಿ," ಎಂದಳು. "ಕೋವಿಗೆ ಕಪ್ಪು ಬಳಿ."

"ಬರೀ ಕಪ್ಪಾ, ಮುಮ್ಮು?"

"ಕಪ್ಪು ಅಂದೆನಲ್ಲ ಮಗಾ."

ಅವನು ಬಳಿದ. ಮರಳು ಹೊಡೆದು, ಕಾಯಿಸಿ, ಬೆವರಿಳಿಸಿ, ಒಂದು ಬೆರಳೂ ತಾಗಿಸದೆ, 'ಮಗಾ' ಎಂದಳಲ್ಲ ಎಂಬಷ್ಟೇ ಸಮಾಧಾನದಲ್ಲಿ. ಮೂವತ್ತು ಸೀಸೆಗಳಲ್ಲಿ ಈಗ ಐಲಾಳ ಬೀಟ್‌ರೂಟ್ ಕೆಂಪಗೆ ಕೂತಿದೆ. ಮೂವತ್ತೊಂದನೆಯದರಲ್ಲಿ ಬರ್ಚಿನ ಬಿಳಿ ತೊಗಟೆಯಿದೆ, ಚೀಟಿ ಗೋಡೆಯ ಕಡೆಗೆ ತಿರುಗಿದೆ. ಅದನ್ನು ಯಾರೂ ಕೇಳಲು ಬಂದಿಲ್ಲ, ಅವನೂ ಸುರಿದಿಲ್ಲ. ನನ್ನ ಕೋವಿ ಹೋದ ವಾರ ಸಿದ್ಧವಾಯಿತು. ನಾನೂ ಕಪ್ಪನ್ನೇ ಬಳಿಸಿದೆ.